ಪಡಿಯ ಸಾಲಿನಲ್ಲಿ ನಿಂತ ಪ್ರಜಾಭಿಪ್ರಾಯ

ಯುದ್ಧ ನಡೆಯುವುದು ಗಡಿಯಲ್ಲಿ. ಅದರ ಲೆಕ್ಕ ಬೀಳುವುದು ದಿನಸಿ ಅಂಗಡಿಯ ತಕ್ಕಡಿಯಲ್ಲಿ. ಈ ಮಾತನ್ನು ಗಿರಣಿಯ ಕೂಲಿಕಾರನಿಗಾಗಲಿ, ಮೂಲೆ ಅಂಗಡಿಯ ವ್ಯಾಪಾರಿಗಾಗಲಿ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಯುದ್ಧ ಉದ್ದವಾದಂತೆಲ್ಲಾ ಮನೆಯಲ್ಲಿ ಉಳಿದವರ ಮನಸ್ಸು ಏನಾಗುತ್ತದೆ, ಆ ಮನಸ್ಸನ್ನು ತಿದ್ದುವವರು ಯಾರು, ಅದರಿಂದ ಲಾಭ ಪಡೆಯುವವರು ಯಾರು ಎಂಬುದನ್ನು ನಾವು ಸಾಕಷ್ಟು ವಿಚಾರ ಮಾಡಿಲ್ಲ.

ವಿಚಾರ ಮಾಡುವ ಕಾಲ ಬಂದಿದೆ. 2022ರ ಫೆಬ್ರವರಿಯಲ್ಲಿ ರಷ್ಯ ಉಕ್ರೇನಿನ ಮೇಲೆ ದಂಡೆತ್ತಿ ಹೋದಾಗ ಕೆಲವೇ ದಿನಗಳಲ್ಲಿ ಎಲ್ಲವೂ ಮುಗಿಯುವುದೆಂದು ಭವಿಷ್ಯ ಹೇಳಿದವರು ಬಹಳ ಮಂದಿ. ವರ್ಷಗಳು ಉರುಳಿದವು. ಮೊದಲ ವಾರದಲ್ಲೇ ನಮ್ಮ ಹಾವೇರಿ ಜಿಲ್ಲೆಯ ಒಬ್ಬ ವೈದ್ಯ ವಿದ್ಯಾರ್ಥಿ ಖಾರ್ಕಿವ್ ನಗರದಲ್ಲಿ ಬಲಿಯಾದ. ಅದೇ ವರ್ಷ ನಮ್ಮ ಅಡುಗೆಮನೆಯ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿತು. ಆಮೇಲೆ ಕೆಲಸದ ಆಸೆ ಹತ್ತಿ ಹೋದ ಕಲಬುರಗಿ ಜಿಲ್ಲೆಯ ಬಡ ಯುವಕರು ರಷ್ಯದ ಸೈನ್ಯದ ಬಾಯಿಗೆ ಬಿದ್ದ ಸುದ್ದಿ ಬಂತು. ದೂರದ ಯುದ್ಧವೆಂಬುದು ಬಡವನ ಪಾಲಿಗೆ ಇಲ್ಲವೇ ಇಲ್ಲ.

ಈ ಪಾಠವನ್ನು ಕಲಿಯಲು ನಾವು ಯೂರೋಪಿಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ಪೂರ್ವ ದಿಕ್ಕಿಗೆ ಹೋದರೆ ಸಾಕು. ಅಲ್ಲಿನ ರೈಲ್ವೆ ಸ್ಟೇಷನ್ನಿಗೆ ಜನ ಇಟ್ಟ ಹೆಸರೇ ದಂಡು. 1809ರಲ್ಲಿ ಬ್ರಿಟಿಷರ ಸೈನ್ಯ ಬಂದು ಬೀಡುಬಿಟ್ಟ ಮೇಲೆ ಬೆಳೆದ ಊರು ಅದು. ಇಂದು ಶಿವಾಜಿನಗರವೆಂದು ಕರೆಯುವ ಬ್ಲಾಕ್‌ಪಲ್ಲಿ, ಕೆರೆಯ ದಡದ ಹಲಸೂರು, ಸೈನ್ಯದ ಗಾಡಿಗಳು ಮದರಾಸಿನಿಂದ ಬರುವಾಗ ಹಾದು ಬರುತ್ತಿದ್ದ ಕೃಷ್ಣರಾಜಪುರ, ಇವುಗಳ ಜನರು ಎರಡು ಮಹಾಯುದ್ಧಗಳನ್ನು ಮನೆಯ ಜಗಲಿಯಿಂದಲೇ ಕಂಡವರು.

ಎರಡು ಊರು, ಎರಡು ಮಾತು

1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್ಲಿತ್‌ಗೋ ಇಂಡಿಯಾ ದೇಶವೂ ಯುದ್ಧದಲ್ಲಿದೆ ಎಂದು ಸಾರಿದರು. ನಾಲ್ಕು ಜನ ಪ್ರತಿನಿಧಿಗಳನ್ನು ಕರೆದು ಕೇಳುವ ಸೌಜನ್ಯವನ್ನೂ ತೋರಲಿಲ್ಲ. ಆಗ ಬೆಂಗಳೂರು ಒಂದು ಊರಾಗಿರಲಿಲ್ಲ. ಪಶ್ಚಿಮಕ್ಕೆ ಮೈಸೂರು ಮಹಾರಾಜರ ಆಡಳಿತದ ಪೇಟೆ. ಪೂರ್ವಕ್ಕೆ ಬ್ರಿಟಿಷ್ ರೆಸಿಡೆಂಟನ ಕೈಕೆಳಗಿನ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್. ನಡುವೆ ಕಬ್ಬನ್ ಪಾರ್ಕು. ಒಂದೇ ಯುದ್ಧ ಈ ಎರಡು ಊರಿನ ಹೊಟ್ಟೆಪಾಡನ್ನು ಎರಡು ಬಗೆಯಾಗಿ ಮುಟ್ಟಿತು. ಆದ್ದರಿಂದ ಅಭಿಪ್ರಾಯವೂ ಎರಡು ಬಗೆಯಾಯಿತು.

ದಂಡಿನ ದರ್ಜಿಗೆ ಸೈನ್ಯದ ಅಂಗಿ ಹೊಲಿಯುವ ಕೆಲಸ, ಬೇಕರಿಯವನಿಗೆ ಬ್ಯಾರಕ್ಕಿನ ಬ್ರೆಡ್ಡು, ಅಗಸನಿಗೆ ಸೋಲ್ಜರನ ಬಟ್ಟೆ, ಜಟಕಾದವನಿಗೆ ಸೌತ್ ಪೆರೇಡಿನ ಬಾಡಿಗೆ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರೂ ಮೈಸೂರು ಸರ್ಕಾರವೂ ಕೂಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಪೂರ್ವದ ಹೊಲಗಳ ನಡುವೆ ಸ್ಥಾಪಿಸಿದರು. 1943ರಲ್ಲಿ ಅದು ಅಮೆರಿಕದ ಸೈನ್ಯದ ಉಸ್ತುವಾರಿಗೆ ಹೋಗಿ, ಯುದ್ಧ ವಿಮಾನಗಳನ್ನು ರಿಪೇರಿ ಮಾಡುವ ದೊಡ್ಡ ಕಾರ್ಖಾನೆಯಾಯಿತು. ಸಾವಿರಾರು ಜನಕ್ಕೆ ಕೆಲಸ ಸಿಕ್ಕಿತು. ಬಿನ್ನಮಂಗಲ, ದೂಪನಹಳ್ಳಿ, ದೊಮ್ಮಲೂರಿನಂಥ ಹಳ್ಳಿಗಳ ಪಕ್ಕದಲ್ಲಿ ಯಂತ್ರದ ಸದ್ದು ಕೇಳಿತು. ಇಂದಿನ ಇಂದಿರಾನಗರದಲ್ಲಿ ಬಡಾವಣೆಗೆ ಎಚ್.ಎ.ಎಲ್. ಎರಡನೆಯ ಹಂತ ಎಂಬ ಹೆಸರು ಉಳಿದಿರುವುದು ಆ ಕಾರ್ಖಾನೆಯ ನೆನಪಿನಿಂದಲೇ.

ಅತ್ತ ಪೇಟೆಯಲ್ಲಿ ಬಿನ್ನಿ ಗಿರಣಿಯ ಮಗ್ಗಗಳು ಸೈನ್ಯದ ಬಟ್ಟೆ ಕಂಬಳಿಗಳಿಗಾಗಿ ಓಡಿದವು. ಆದರೆ 1942ರ ಆಗಸ್ಟಿನಲ್ಲಿ “ಬ್ರಿಟಿಷರೇ ತೊಲಗಿ” ಎಂಬ ಕೂಗೆದ್ದಾಗ ಆ ಗಿರಣಿಗಳ ಕಾರ್ಮಿಕರೇ ವಿದ್ಯಾರ್ಥಿಗಳ ಜೊತೆಗೆ ಬೀದಿಗೆ ಬಂದರು. ಮುಷ್ಕರವಾಯಿತು, ಗೋಲೀಬಾರಾಯಿತು, ಪೇಟೆಯ ಬೀದಿಗಳಲ್ಲಿ ಜನ ಸತ್ತರು. ಶಿವಮೊಗ್ಗ ಜಿಲ್ಲೆಯ ಈಸೂರು ತಾನೇ ಸ್ವತಂತ್ರವೆಂದು ಸಾರಿಕೊಂಡಿತು. 1943ರ ಮಾರ್ಚಿನಲ್ಲಿ ಆ ಊರಿನ ಐದು ಮಂದಿಯನ್ನು ಗಲ್ಲಿಗೇರಿಸಿದರು.

ಹಾಗಾದರೆ ಪೇಟೆಯವರು ದೇಶಭಕ್ತರು, ದಂಡಿನವರು ಅಲ್ಲ ಎಂದು ಹೇಳಬಹುದೆ? ಹಾಗೆ ಹೇಳುವುದು ಅನ್ಯಾಯ. ಯಾರ ಅನ್ನ ಯಾವ ಕೈಯಿಂದ ಬರುತ್ತದೋ ಆ ಕೈಯನ್ನು ಕಚ್ಚುವುದಕ್ಕೆ ಮನುಷ್ಯ ಹಿಂಜರಿಯುತ್ತಾನೆ. ಯುದ್ಧವನ್ನು ನಡೆಸುವವರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು. ಒಂದು ಬೀದಿಗೆ ಕಂಟ್ರಾಕ್ಟು ಕೊಟ್ಟು ಇನ್ನೊಂದು ಬೀದಿಗೆ ಪೋಲೀಸರನ್ನು ಕಳಿಸಿದರೆ ಪ್ರಜಾಭಿಪ್ರಾಯ ಎರಡಾಗುತ್ತದೆ. ದುಡಿಯುವವನು ದುಡಿಯುವವನನ್ನೇ ಸಂಶಯದಿಂದ ನೋಡುತ್ತಾನೆ. ದೀರ್ಘ ಯುದ್ಧದ ಮೊದಲ ಫಲ ಇದು.

ತೂತಿನ ಕಾಸು

ಎರಡನೆಯ ಫಲ ಹಣದಲ್ಲಿ ಕಾಣಿಸಿತು. ಬ್ರಿಟಿಷ್ ಸರ್ಕಾರ ತನ್ನ ಯುದ್ಧಕ್ಕೆ ಬೇಕಾದ ಸಾಮಾನನ್ನು ಇಲ್ಲಿ ಕೊಂಡು, ಅದಕ್ಕೆ ಲಂಡನ್ನಿನಲ್ಲಿ ಸಾಲಪತ್ರ ಬರೆದಿಟ್ಟು, ಇಲ್ಲಿ ನೋಟುಗಳನ್ನು ಅಚ್ಚುಹಾಕಿ ಹಂಚಿತು. 1939ರಿಂದ 1945ರೊಳಗೆ ಚಲಾವಣೆಯ ನೋಟು ಐದಾರು ಪಟ್ಟು ಹೆಚ್ಚಿತು. ಸಾಮಾನು ಹೆಚ್ಚಲಿಲ್ಲ; ಸೈನ್ಯಕ್ಕೆ ಹೋಗಿ ಇನ್ನೂ ಕಡಿಮೆಯಾಯಿತು. 1940ರಲ್ಲಿ ಫ್ರಾನ್ಸ್ ಬಿದ್ದ ಸುದ್ದಿ ಬಂದಾಗ ಜನ ನೋಟು ಕೊಟ್ಟು ಬೆಳ್ಳಿಯ ರೂಪಾಯಿ ಕೇಳಿದರು. ಬೆಳ್ಳಿ ಮಾಯವಾಗಿ ಒಂದು ರೂಪಾಯಿಯ ಕಾಗದ ಬಂತು. 1943ರಲ್ಲಿ ಕಾಸಿಗೇ ತೂತು ಬಿತ್ತು. ತಾಮ್ರ ಉಳಿಸಲು ನಡುವೆ ರಂಧ್ರ ಮಾಡಿದ ಆ ಕಾಸನ್ನು ಕಂಡವನಿಗೆ ಯುದ್ಧ ಯಾವ ದಿಕ್ಕಿಗೆ ಹೋಗುತ್ತಿದೆಯೆಂದು ತಿಳಿಯಲು ಭೂಪಟ ಬೇಕಾಗಲಿಲ್ಲ. ಸರ್ಕಾರದ ಹೇಳಿಕೆಗಳು ಜಯದ ಮಾತಾಡುತ್ತಿದ್ದಾಗ ಜೇಬಿನ ಕಾಸು ಬೇರೆ ಮಾತಾಡುತ್ತಿತ್ತು. ಜನ ಕಾಸಿನ ಮಾತನ್ನು ನಂಬಿದರು.

1942ರ ಮಾರ್ಚಿನಲ್ಲಿ ರಂಗೂನು ಜಪಾನರ ಕೈಸೇರಿ ಬರ್ಮಾದ ಅಕ್ಕಿ ನಿಂತಿತು. ರೈತರ ಮೇಲೆ ಲೆವಿ ಬಂತು. ಬೆಂಗಳೂರಿಗೆ ಪಡಿತರದ ಚೀಟಿ ಬಂತು. ಪಡಿಯ ಅಂಗಡಿಯ ಮುಂದಿನ ಸಾಲು ಆ ದಿನಗಳ ನಿಜವಾದ ಶಾಸನಸಭೆ. ಅಲ್ಲಿ ಹೆಂಗಸರು ಆಡಿದ ಮಾತು ಯಾವ ಪತ್ರಿಕೆಯಲ್ಲೂ ಅಚ್ಚಾಗಲಿಲ್ಲ. ಆದರೆ ದೊರೆತನಕ್ಕೆ ಅಡಿಗಲ್ಲು ಸಡಿಲವಾದದ್ದು ಆ ಸಾಲಿನಲ್ಲಿಯೇ. 1917ರ ಪೆಟ್ರೊಗ್ರಾಡಿನಲ್ಲೂ ಹೀಗೆಯೇ ಆಗಿತ್ತು. 1914ರಲ್ಲಿ ಚಕ್ರವರ್ತಿಗೆ ಜಯಕಾರ ಹಾಕಿದ ಊರಿನಲ್ಲೇ ಮೂರು ಚಳಿಗಾಲ ಕಳೆದ ಮೇಲೆ ರೊಟ್ಟಿಗಾಗಿ ಸಾಲು ನಿಂತ ಹೆಂಗಸರು, ಗಿರಣಿಯ ಹೆಂಗಸರು ಬೀದಿಗೆ ಬಂದರು. ಚಕ್ರವರ್ತಿಯ ಕಿರೀಟ ಉರುಳಿತು.

ಆದರೆ ಎಲ್ಲರೂ ಸಾಲಿನಲ್ಲಿ ನಿಲ್ಲಲಿಲ್ಲ. ಉರಿಯುವ ಮನೆಯ ಗಳ ಹಿರಿಯುವವರು ಎಲ್ಲ ಕಾಲದಲ್ಲೂ ಉಂಟು. ಕಳ್ಳದಾಸ್ತಾನು, ಕಾಳಸಂತೆ ಎಂಬ ಮಾತುಗಳು ನಮ್ಮ ಮನೆಮಾತಾದದ್ದು ಆ ಯುದ್ಧದಲ್ಲಿ. ಅತಿಲಾಭದ ಮೇಲೆ 1940ರಲ್ಲಿ ತೆರಿಗೆ ಹಾಕಿದರು; ಅದನ್ನು ತಪ್ಪಿಸಿಕೊಂಡವರು ಎಷ್ಟು ಮಂದಿಯೆಂದರೆ, ಅವರನ್ನು ಹುಡುಕಲು 1947ರಲ್ಲಿ ಪ್ರತ್ಯೇಕ ಆಯೋಗವನ್ನೇ ನೇಮಿಸಬೇಕಾಯಿತು. ಇಲ್ಲಿ ಸಣ್ಣ ವ್ಯಾಪಾರಿ ಮಿತ್ರರಿಗೆ ಒಂದು ಮಾತು. ಬೆಲೆ ಏರಿದಾಗ ಜನರ ಬೈಗುಳ ಕೇಳುವವರು ನೀವು; ಏರಿಸಿದವನು ಗೋಡೌನಿನ ಒಳಗಿರುತ್ತಾನೆ. ಅಂಗಡಿಯ ಗಲ್ಲದ ಮೇಲೆ ಕೂತವನೂ ಅಂಗಡಿಯ ಮುಂದೆ ನಿಂತವನೂ ಪರಸ್ಪರ ಶತ್ರುಗಳೆಂದು ತಿಳಿಯುವಂತೆ ಮಾಡುವುದೂ ದೀರ್ಘ ಯುದ್ಧದ ಒಂದು ಕುಯುಕ್ತಿ.

ಬಾಯಿಗೆ ಬೀಗ, ಗಾಳಿಗೆ ನಾಲಗೆ

ಮೂರನೆಯದು ಸುದ್ದಿಯ ವಿಷಯ. ಡಿಫೆನ್ಸ್ ಆಫ್ ಇಂಡಿಯಾ ರೂಲ್ಸು ಪತ್ರಿಕೆಗಳ ಬಾಯಿಗೆ ಬೀಗ ಹಾಕಿತು. ಸೋಲಿನ ಮಾತನ್ನೂ ಗಾಳಿಸುದ್ದಿಯನ್ನೂ ಅಡಗಿಸಲೆಂದು ನ್ಯಾಷನಲ್ ವಾರ್ ಫ್ರಂಟ್ ಎಂಬ ಸಂಸ್ಥೆ ಹುಟ್ಟಿತು. ಚಿತ್ರಮಂದಿರಗಳಲ್ಲಿ ಸರ್ಕಾರಿ ವಾರ್ತಾಚಿತ್ರ ತೋರಿಸುವುದನ್ನು 1943ರಲ್ಲಿ ಕಡ್ಡಾಯ ಮಾಡಿದರು. ಪರಿಣಾಮವೇನು? ಅಧಿಕೃತ ಸುದ್ದಿಯ ಬೆಲೆ ತೂತಿನ ಕಾಸಿನ ಬೆಲೆಯಾಯಿತು. 1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ವಿಶಾಖಪಟ್ಟಣ ಕಾಕಿನಾಡಗಳ ಮೇಲೆ ಬಾಂಬು ಹಾಕಿದಾಗ, ಮದರಾಸಿನ ಜನ ಗಂಟುಮೂಟೆ ಕಟ್ಟಿ ಒಳನಾಡಿಗೆ ಓಡಿದರು. ಸರ್ಕಾರದ ಭರವಸೆಯನ್ನು ಯಾರೂ ನಂಬಲಿಲ್ಲ. ಬಾಗಿಲು ಮುಚ್ಚಿಕೊಂಡು ಬರ್ಲಿನ್ ಕೇಂದ್ರವನ್ನೂ ಸುಭಾಷ್ ಬೋಸರ ಆಜಾದ್ ಹಿಂದ್ ರೇಡಿಯೋವನ್ನೂ ಕೇಳುವುದು ಅಭ್ಯಾಸವಾಯಿತು. ಬೊಂಬಾಯಿಯಲ್ಲಿ ಉಷಾ ಮೆಹತಾ ಮತ್ತು ಸಂಗಡಿಗರು, ಲೋಹಿಯಾರ ನೆರವಿನಿಂದ, ಕಾಂಗ್ರೆಸ್ ರೇಡಿಯೋವನ್ನು ಗುಟ್ಟಾಗಿ ನಡೆಸಿ 1942ರ ನವೆಂಬರಿನಲ್ಲಿ ಸೆರೆಯಾದರು.

ಸತ್ಯವನ್ನು ಮುಚ್ಚಿದರೆ ಎಂಥ ಬೆಲೆ ತೆರಬೇಕಾಗುವುದೆಂಬುದಕ್ಕೆ 1943ರ ಬಂಗಾಳವೇ ಸಾಕ್ಷಿ. ಲಕ್ಷಗಟ್ಟಲೆ ಜನ ಹಸಿದು ಸಾಯುತ್ತಿರುವಾಗಲೂ ಸರ್ಕಾರ ಕ್ಷಾಮವೆಂಬ ಶಬ್ದವನ್ನು ಉಚ್ಚರಿಸಲು ಒಪ್ಪಲಿಲ್ಲ. ಆಗಸ್ಟಿನಲ್ಲಿ ಕಲಕತ್ತೆಯ ಸ್ಟೇಟ್ಸ್‌ಮನ್, ಅದೂ ಆಂಗ್ಲರ ಒಡೆತನದ ಪತ್ರಿಕೆ, ಬೀದಿಯ ಹೆಣಗಳ ಛಾಯಾಚಿತ್ರಗಳನ್ನು ಅಚ್ಚುಮಾಡಿತು. ಆಗ ಲೋಕದ ಕಣ್ಣು ತೆರೆಯಿತು. ಹಡಗುಗಳು ಸಾಲವೆಂದು ಧಾನ್ಯ ಕಳಿಸಲು ಹಿಂದೆಗೆದ ಸಂಪುಟದ ಪ್ರಧಾನಿ ಯಾರೆಂದರೆ, 1896ರಲ್ಲಿ ಇದೇ ದಂಡಿಗೆ ಚಿಗುರು ಮೀಸೆಯ ಅಧಿಕಾರಿಯಾಗಿ ಬಂದಿದ್ದ ಚರ್ಚಿಲ್. ದಂಡಿನ ಕ್ಲಬ್ಬಿಗೆ ಆತ ಉಳಿಸಿಹೋದ 13 ರೂಪಾಯಿ ವಸೂಲಾಗದ ಬಾಕಿಯೆಂದು ಅಲ್ಲಿಯ ದಫ್ತರದಲ್ಲಿದೆ. ಆ ಬಾಕಿಯನ್ನು ನಗುತ್ತಾ ತೋರಿಸುವವರುಂಟು. ಬಂಗಾಳದ ಬಾಕಿಯನ್ನು ಯಾವ ಪುಸ್ತಕದಲ್ಲಿ ಬರೆಯೋಣ?

ಸಿಪಾಯಿಯ ಬಗ್ಗೆ ಎರಡು ಮಾತು

ಯುದ್ಧವನ್ನು ಟೀಕಿಸಿದರೆ ಸಿಪಾಯಿಗೆ ಅವಮಾನವೆಂದು ಕೆಲವರು ಬೊಬ್ಬೆ ಹಾಕುತ್ತಾರೆ. ಇದು ಸುಳ್ಳು ವಾದ. ಹಲಸೂರು ಕೆರೆಯ ದಡದಲ್ಲಿ ನೆಲೆಯಾದ ಮದ್ರಾಸ್ ಸ್ಯಾಪರ್ಸ್ ಪಡೆಯ ಸುಬೇದಾರ್ ಸುಬ್ರಮಣಿಯನ್ 1944ರ ಫೆಬ್ರವರಿಯಲ್ಲಿ ಇಟಲಿಯಲ್ಲಿ, ಸಿಡಿಯಲಿದ್ದ ನೆಲಬಾಂಬಿನ ಮೇಲೆ ತಾನೇ ಬಿದ್ದು ಸಂಗಡಿಗರನ್ನು ಉಳಿಸಿ ಪ್ರಾಣಬಿಟ್ಟ. ಜಾರ್ಜ್ ಕ್ರಾಸ್ ಪಡೆದ ಮೊದಲ ಭಾರತೀಯ ಆತ. ಅದೇ ಕಾಲದಲ್ಲಿ ಇಟಲಿಯ ಸಿಪಾಯಿಗಳು ಜಾಲಹಳ್ಳಿಯ ಕಡೆ ಮುಳ್ಳುತಂತಿಯ ಹಿಂದೆ ಸೆರೆಯಲ್ಲಿದ್ದರು. ಹಲಸೂರಿನವನು ಇಟಲಿಯಲ್ಲಿ ಸಾಯುವುದು, ಇಟಲಿಯವನು ಬೆಂಗಳೂರಿನಲ್ಲಿ ಕೊಳೆಯುವುದು! ಇಬ್ಬರೂ ಬಡವರ ಮಕ್ಕಳು. ಇಬ್ಬರನ್ನೂ ಯಾರೂ ಕೇಳಿರಲಿಲ್ಲ. ಸಿಪಾಯಿಯ ತ್ಯಾಗಕ್ಕೆ ತಲೆಬಾಗುವುದು ಬೇರೆ. ಅವನನ್ನು ಕಳಿಸಿದವರ ಲೆಕ್ಕ ಕೇಳುವುದು ಬೇರೆ. ಲೆಕ್ಕ ಕೇಳುವುದೇ ಅವನಿಗೆ ಸಲ್ಲಿಸುವ ಗೌರವ.

ಆ ದೀರ್ಘ ಯುದ್ಧ ಸಿಪಾಯಿಯ ಬಗೆಗಿನ ಜನಾಭಿಪ್ರಾಯವನ್ನೂ ತಿರುವಿತು. ಸಂಬಳಕ್ಕಾಗಿ ಪರರ ಸೇವೆಗೆ ಹೋದವನೆಂದು ಮೊದಲು ಅವನನ್ನು ಹಳಿದವರಿದ್ದರು. 1945ರ ನವೆಂಬರಿನಲ್ಲಿ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನವರ ವಿಚಾರಣೆ ನಡೆದಾಗ ಅದೇ ಜನ ಅವರಿಗಾಗಿ ಬೀದಿಗಿಳಿದರು. 1946ರ ಫೆಬ್ರವರಿಯಲ್ಲಿ ನಾವಿಕರೇ ದಂಗೆ ಎದ್ದರು. ಆರು ವರ್ಷ ಕಾಲ ತಾನೇ ಸಾಕಿದ ಸೈನ್ಯವನ್ನು ಬ್ರಿಟಿಷ್ ಸರ್ಕಾರ ತಾನೇ ನಂಬದ ಸ್ಥಿತಿಗೆ ಬಂತು. 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರು ವಾರ ಮೊದಲು, ದಂಡು ಮೈಸೂರಿಗೆ ಮರಳಿತು. ಆದರೆ ಆ ಹೊತ್ತಿಗೆ ವಿಮಾನ ಕಾರ್ಖಾನೆಯಲ್ಲಿ ಯುದ್ಧದ ಕೆಲಸ ಕರಗಿ, ರೈಲ್ವೆಯ ಬೋಗಿ ಕಟ್ಟುವ ಕೆಲಸ ಬಂದಿತ್ತು. ಯುದ್ಧದ ಅನ್ನ ಯುದ್ಧದೊಂದಿಗೇ ಮುಗಿಯುತ್ತದೆ. ಇಂದು ಆಯುಧದ ಕಾರ್ಖಾನೆಗಳಿಂದ ಕೆಲಸ ಬೆಳೆಯುವುದೆಂದು ಹಾಡುವವರು ಇದನ್ನು ನೆನಪಿಡಲಿ.

ನಮ್ಮ ತಪ್ಪನ್ನೂ ಹೇಳಿಕೊಳ್ಳೋಣ. ಆ ಕಾಲದಲ್ಲಿ ಎಡಪಕ್ಷದವರೇ ಎರಡು ಹೋಳಾಗಿದ್ದರು. ಕಮ್ಯೂನಿಸ್ಟರು ರಷ್ಯದ ಮೇಲೆ ಹಿಟ್ಲರ್ ಬಿದ್ದ ನಂತರ ಇದನ್ನು ಜನತಾ ಯುದ್ಧವೆಂದು ಕರೆದು ಮುಷ್ಕರ ಬೇಡವೆಂದರು. ಸಮಾಜವಾದಿಗಳು ಕೆಲವೇ ವಾರಗಳಲ್ಲಿ ರಾಜ್ಯಭಾರ ಕುಸಿಯುವುದೆಂದು ನಂಬಿದರು. ಹಿಟ್ಲರನ ಗೆಲುವು ಲೋಕಕ್ಕೆ ಎಂಥ ಕೇಡಾಗುತ್ತಿತ್ತೆಂಬುದನ್ನು ನಮ್ಮವರು ಬೀದಿಯ ಭಾಷಣಗಳಲ್ಲಿ ಸಾಕಷ್ಟು ಒತ್ತಿ ಹೇಳಲಿಲ್ಲ; ಹಸಿದವನ ಕೂಗು ಸಕಾಲಿಕವೆಂಬುದನ್ನು ಅವರು ಒಪ್ಪಲಿಲ್ಲ. ಪರಸ್ಪರ ದ್ರೋಹಿಗಳೆಂದು ಕರೆದುಕೊಂಡು ಕಾರ್ಮಿಕನನ್ನು ಇಬ್ಬರೂ ಕಂಗೆಡಿಸಿದೆವು. ಯುದ್ಧ ಉದ್ದವಾದಂತೆ ದ್ರೋಹಿ ಎಂಬ ಶಬ್ದ ಅಗ್ಗವಾಗುತ್ತದೆ.

ಮುಗಿದ ಯುದ್ಧ, ಮುಗಿಯದ ಕಾನೂನು

ಸ್ವತಂತ್ರ ಭಾರತದಲ್ಲಿ ಯುದ್ಧಗಳು ದೀರ್ಘವಾಗಿ ನಡೆಯಲಿಲ್ಲ. ಆದರೆ ದೀರ್ಘವಾಗಿ ಆಳಿದವು. ಇದು ವಿಚಾರವಂತರು ಗಮನಿಸಬೇಕಾದ ವಿಷಯ. 1962ರ ಅಕ್ಟೋಬರ್ 20ರಂದು ತೊಡಗಿದ ಚೀಣಾದ ಯುದ್ಧ ನವೆಂಬರ್ 21ಕ್ಕೆ ನಿಂತಿತು. ಅಕ್ಟೋಬರ್ 26ರಂದು ಸಾರಿದ ತುರ್ತುಪರಿಸ್ಥಿತಿಯನ್ನು ತೆಗೆದದ್ದು 1968ರ ಜನವರಿಯಲ್ಲಿ. ಹೆಂಗಸರು ಕೈಬಳೆ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟರು. ಕೂಲಿಕಾರರು ದಿನದ ಸಂಬಳ ಕೊಟ್ಟರು. ಅದು ನಿಜವಾದ ಭಾವನೆ, ಅದನ್ನು ಹಾಸ್ಯ ಮಾಡಲು ನಾವು ಸಿದ್ಧರಿಲ್ಲ. ನವೆಂಬರ್ 3ರಂದು ಕಾರ್ಮಿಕ ಸಂಘಗಳೂ ಮಾಲೀಕರೂ ಕೈಗಾರಿಕಾ ಶಾಂತಿಯ ನಿರ್ಣಯಕ್ಕೆ ಒಪ್ಪಿದರು. ಮುಷ್ಕರವಿಲ್ಲವೆಂದು ಕಾರ್ಮಿಕ ಮಾತು ಕೊಟ್ಟ. ಬೆಲೆಯೇರದಂತೆ ನೋಡಿಕೊಳ್ಳುವುದೆಂಬ ಮಾತೂ ಅದೇ ನಿರ್ಣಯದಲ್ಲಿತ್ತು. ಮೊದಲನೆಯ ಮಾತನ್ನು ಸರ್ಕಾರ ನೆನಪಿಟ್ಟಿತು, ಎರಡನೆಯದನ್ನು ಮರೆತಿತು. ಬೆಲೆ ಏರಿತು.

1963ರ ಜನವರಿಯಲ್ಲಿ ಹೊಸದಾಗಿ ಮಾಡುವ ಒಡವೆ 14 ಕ್ಯಾರಟ್ಟಿಗಿಂತ ಮೇಲಿರಬಾರದೆಂದು ಚಿನ್ನದ ನಿಯಂತ್ರಣ ಬಂತು. ದೇಶದಲ್ಲೆಲ್ಲಾ ಅಕ್ಕಸಾಲಿಗರ ಕುಲುಮೆ ಆರಿತು. ನಗರ್ತಪೇಟೆಯಾಗಲಿ ದಂಡಿನ ಜ್ಯುವೆಲರ್ಸ್ ಸ್ಟ್ರೀಟಾಗಲಿ ಇದಕ್ಕೆ ಹೊರತಲ್ಲ. ಚಿನ್ನದ ಗಟ್ಟಿ ಕೂಡಿಟ್ಟವನು ಸುಖವಾಗಿದ್ದ. ಚಿನ್ನ ತಟ್ಟುವವನು ಬೀದಿಗೆ ಬಿದ್ದ. ನಿಯಮಗಳು ಸಡಿಲವಾದರೂ ಚಿನ್ನದ ನಿಯಂತ್ರಣ ಪೂರ್ಣವಾಗಿ ರದ್ದಾದದ್ದು 1990ರಲ್ಲಿ. ಒಂದು ತಿಂಗಳ ಯುದ್ಧ, 27 ವರ್ಷದ ಕಾನೂನು!

ಆದರೂ ಜನರ ಬುದ್ಧಿ ಮಂಕಾಗಲಿಲ್ಲ. 1963ರ ಮೇ ತಿಂಗಳ ಉಪಚುನಾವಣೆಗಳಲ್ಲಿ ಆಚಾರ್ಯ ಕೃಪಲಾನಿ, ಲೋಹಿಯಾ, ಮಸಾನಿ ಗೆದ್ದುಬಂದರು. ಆಗಸ್ಟಿನಲ್ಲಿ ಲೋಕಸಭೆ ತನ್ನ ಮೊದಲ ಅವಿಶ್ವಾಸ ನಿರ್ಣಯವನ್ನು ಕಂಡಿತು. ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯ ಮೇಲೆ ಬದುಕುತ್ತಿದ್ದಾರೆಂದು ಲೋಹಿಯಾ ಹೇಳಿದರು. ಸರ್ಕಾರ ಹದಿನೈದಾಣೆ ಎಂದಿತು. ಲೆಕ್ಕ ಯಾರದು ಸರಿಯೆಂಬ ಜಗಳ ಇಂದಿಗೂ ಇರಬಹುದು. ಆದರೆ ತುರ್ತುಪರಿಸ್ಥಿತಿಯ ನಡುವೆಯೂ ಗಡಿಯ ಮಾತಿನಿಂದ ಅಡುಗೆಮನೆಯ ಮಾತಿಗೆ ಶಾಸನಸಭೆಯನ್ನು ಎಳೆದು ತರಬಹುದೆಂಬುದು ಸಿದ್ಧವಾಯಿತು.

1971ರ ಯುದ್ಧ 13 ದಿನ. ಡಿಸೆಂಬರ್ 3ರಂದು ಸಾರಿದ ತುರ್ತುಪರಿಸ್ಥಿತಿ 1977ರ ಮಾರ್ಚ್‌ವರೆಗೆ ಇತ್ತು. ಅದರ ಮೇಲೆಯೇ 1975ರ ಜೂನಿನಲ್ಲಿ ಇನ್ನೊಂದನ್ನು ಹೇರಿದರು. ಆ ಯುದ್ಧದ ವರ್ಷದಲ್ಲೇ ಹುಟ್ಟಿದ ಮೀಸಾ ಕಾನೂನಿನಡಿ, “ಸಂಸ್ಕಾರ” ಚಿತ್ರದಲ್ಲಿ ನಟಿಸಿದ ಸಮಾಜವಾದಿ ಸ್ನೇಹಲತಾ ರೆಡ್ಡಿಯವರನ್ನು ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿ ತಿಂಗಳುಗಟ್ಟಲೆ ಇಟ್ಟರು. ಗೂರಲು ರೋಗದಿಂದ ಬಳಲಿದ ಆಕೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಹೊರಗಿನ ಶತ್ರುವಿಗೆಂದು ಹರಿತ ಮಾಡಿದ ಕತ್ತಿ ಕೊನೆಗೆ ಯಾರ ಕೊರಳಿಗೆ ಬಂತೆಂಬುದನ್ನು ವಾಚಕರೇ ವಿಚಾರಿಸಲಿ.

ಇಂದು ಹಳೆಯ ಬೀಗಗಳಿಗೆ ಹೊಸ ಕೀಲಿ ಬಂದಿದೆ. ರಷ್ಯದಲ್ಲಿ 2022ರ ಮಾರ್ಚಿನಲ್ಲಿ ಸೈನ್ಯದ ಬಗ್ಗೆ ಸುಳ್ಳುಸುದ್ದಿ ಹೇಳಿದರೆ ಜೈಲೆಂಬ ಕಾನೂನು ಮಾಡಿ, ಯುದ್ಧವನ್ನು ಯುದ್ಧವೆಂದು ಕರೆದವರನ್ನೇ ಹಿಡಿದರು. ನಮ್ಮಲ್ಲಿ 2025ರ ಮೇ ತಿಂಗಳ ನಾಲ್ಕು ದಿನದ ಕಾಳಗದಲ್ಲಿ ಕೆಲವು ಟಿ.ವಿ. ಚಾನಲುಗಳು ಕರಾಚಿ ಬಂದರು ಬೂದಿಯಾಯಿತೆಂದು ಸಾರಿದವು. ಅದು ಶುದ್ಧ ಸುಳ್ಳಾಗಿತ್ತು. 1942ರಲ್ಲಿ ಗಾಳಿಸುದ್ದಿ ಗಲ್ಲಿಯಲ್ಲಿ ಹುಟ್ಟುತ್ತಿತ್ತು. ಸರ್ಕಾರ ಅದನ್ನು ಹಿಡಿಯಲು ಓಡುತ್ತಿತ್ತು. ಈಗ ಅದು ದೀಪಾಲಂಕಾರದ ಕೋಣೆಯಲ್ಲಿ ಹುಟ್ಟುತ್ತದೆ, ಹಿಡಿಯುವವರಿಲ್ಲ. ನಾಲ್ಕೇ ದಿನದಲ್ಲಿ ಇಷ್ಟಾದರೆ ನಾಲ್ಕು ವರ್ಷದ ಯುದ್ಧದಲ್ಲಿ ಏನಾದೀತು?

ಆದ್ದರಿಂದ ನಾವು ಕೇಳಬೇಕಾದದ್ದನ್ನು ಶಾಂತಿಯ ದಿನಗಳಲ್ಲಿಯೇ ಕೇಳಿಡಬೇಕು. ಯುದ್ಧ ಬಂದ ಮೇಲೆ ಕೇಳಿದವನ ಬಾಯಿ ಮುಚ್ಚಿಸುವುದು ಸುಲಭ. ದೇಶವನ್ನು ಕಾಯುವ ಅವಶ್ಯಕತೆ ಬಂದರೆ ಕಾಯೋಣ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂದು ಪ್ರತಿಯೊಂದು ಊರಿನ ಚಾವಡಿಯ ಗೋಡೆಗೆ ಮೂರು ಪಟ್ಟಿಗಳನ್ನು ಬಹಿರಂಗವಾಗಿ ಹಚ್ಚಲಿ. ಮೊದಲನೆಯದು ಅಕ್ಕಿ, ಬೇಳೆ, ಎಣ್ಣೆಗಳ ಬೆಲೆಯ ಪಟ್ಟಿ. ಎರಡನೆಯದು ಯುದ್ಧದ ಕಂಟ್ರಾಕ್ಟು ಪಡೆದವರ, ಅದರಲ್ಲಿ ಅವರು ಗಳಿಸಿದ ಲಾಭದ ಪಟ್ಟಿ. ಮೂರನೆಯದು ಮಡಿದವರ ಪಟ್ಟಿ, ಒಂದು ಹೆಸರನ್ನೂ ಮರೆಮಾಡದೆ. ಜೊತೆಗೆ, ಯುದ್ಧಕ್ಕಾಗಿ ಮಾಡಿದ ಪ್ರತಿಯೊಂದು ಕಾನೂನಿಗೂ ಅದು ಸಾಯುವ ತಾರೀಖನ್ನು ಹುಟ್ಟುವ ದಿನವೇ ಬರೆದಿಡಲಿ.

ಬಿನ್ನಿ ಗಿರಣಿ ಮುಚ್ಚಿಹೋಗಿದೆ. ಅಲ್ಲಿ ದುಡಿದವರ ಮೊಮ್ಮಕ್ಕಳು ಇಂದು ಗಾರ್ಮೆಂಟು ಕಾರ್ಖಾನೆಗಳಲ್ಲಿ, ಶಿವಾಜಿನಗರದ ಅಂಗಡಿಗಳಲ್ಲಿ, ಕೃಷ್ಣರಾಜಪುರದ ಗೋಡೌನುಗಳಲ್ಲಿ ದುಡಿಯುತ್ತಿರಬಹುದು. ಅವರ ತಾತಂದಿರು ಪಡಿಯ ಸಾಲಿನಲ್ಲಿ ನಿಂತು ಕಲಿತ ಪಾಠವನ್ನು ಅವರು ಎರಡನೆಯ ಸಲ ಸಾಲಿನಲ್ಲಿ ನಿಂತೇ ಕಲಿಯುವಂತಾಗಬಾರದು. ಸಂಘಗಳ ಸಭೆಗಳಲ್ಲಿ, ವ್ಯಾಪಾರಿ ಮಂಡಲಿಗಳಲ್ಲಿ ಈ ಮೂರು ಪಟ್ಟಿಗಳ ವಿಷಯ ಚರ್ಚೆಗೆ ಬರಲಿ, ಠರಾವುಗಳಾಗಲಿ. ಬಂದ ಠರಾವುಗಳನ್ನು ಪ್ರಕಟಿಸಲು ಈ ಪತ್ರಿಕೆಯಲ್ಲಿ ಸ್ಥಳ ಉಂಟು.